ಊಹೂಂ ಎನ್ನುವವರ ಊರು

ಹಿಮಕ್ಕೊಂದು ಬಾಯಿ ಇದ್ದಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು ಎಂದು ಹೆಲ್ವಿಕ್ ಊರಿನ ಹಳಬರು ನಿಟ್ಟುಸಿರು ಬಿಡುವುದಿತ್ತು. ವಾರಿಜಾ ಕಾಂಚನ್ ಹಿಮಕ್ಕೆ ಬಾಯಿ ಕೊಡಲಿಲ್ಲ. ಊರಿಗೇ ಒಂದು ಕಿವಿ ಕೊಟ್ಟಳು. ಅದರಿಂದ ಎಂಟು ಚಳಿಗಾಲ ಊರು ನೆಮ್ಮದಿಯಾಗಿ ನಿದ್ದೆ ಮಾಡಿತು. ಒಂಬತ್ತನೆಯ ವರ್ಷದ ವಸಂತದಲ್ಲಿ ಮೊದಲು ನಿದ್ದೆ ಕೆಟ್ಟದ್ದು ವಾರಿಜಾಳದೇ.

ನಾರ್ವೆಯ ಉತ್ತರ ಕರಾವಳಿಯಲ್ಲಿರುವ ಆ ಊರಿನಲ್ಲಿ ಕಡಲು ಮುಗಿದಲ್ಲೇ ಬೆಟ್ಟ ಶುರು. ನಡುವೆ ಒಂದು ರಸ್ತೆ, ಮೀನು ಒಣಗಿಸುವ ಮರದ ಅಟ್ಟಣಿಗೆಗಳು, ಬಣ್ಣ ಬಳಿದ ಮನೆಗಳ ಒಂದು ಸಾಲು. ಆ ಬೆಟ್ಟಗಳಿಗೆ ರೋಪ್‌ವೇ ಇಲ್ಲ. ಸ್ಕೀ ಹಲಗೆಯ ಅಡಿಗೆ ಹಿಂದಕ್ಕೆ ಜಾರದ ಹಾಗೆ ಪಟ್ಟಿ ಅಂಟಿಸಿಕೊಂಡು ಅರ್ಧ ದಿನ ಬೆವರು ಸುರಿಸಿ ಹತ್ತಬೇಕು. ತುದಿಯಲ್ಲಿ ಪಟ್ಟಿ ಕಿತ್ತು ಕೋಟಿನೊಳಗೆ ತುರುಕಿ, ಕಡಲಿಗೆ ಮುಖ ಮಾಡಿ, ಹತ್ತಿದ್ದನ್ನೆಲ್ಲ ಕೆಲವೇ ನಿಮಿಷಗಳಲ್ಲಿ ಇಳಿದು ಮುಗಿಸಬೇಕು. ಕುಂದಾಪುರದ ಹತ್ತಿರ ಮೀನುಗಾರರ ಮನೆಯಲ್ಲಿ ಹುಟ್ಟಿದ ವಾರಿಜಾಳಿಗೆ ಇದು ತಲೆ ಸರಿಯಿದ್ದವರ ಕೆಲಸವೆಂದು ಒಂದು ದಿನವೂ ಅನ್ನಿಸಿರಲಿಲ್ಲ. ಬಂದ ಹೊಸತರಲ್ಲಿ ಒಂದೇ ಒಂದು ಸಲ ಸ್ಕೀ ಕಟ್ಟಿಕೊಂಡು, ಮನೆಯ ಹಿಂದಿನ ದಿಬ್ಬದಲ್ಲಿ ಮುಖ ಕೆಳಗಾಗಿ ಬಿದ್ದು, ಗಂಡ ಜನಾರ್ದನನ ನಗು ಕೇಳಿಸಿಕೊಂಡು ಎದ್ದವಳು ಮತ್ತೆ ಅದರ ತಂಟೆಗೆ ಹೋಗಿರಲಿಲ್ಲ. ಅಂಥವಳ ಹೊಟ್ಟೆಯಲ್ಲಿ ಹುಟ್ಟಿದ ಇಂಚರ ಈಗ ಊರಿನ ಅತಿ ಕಿರಿಯ ಬೆಟ್ಟದ ಗೈಡ್. ಹೊರಗಿನಿಂದ ಬಂದವರನ್ನು ಕರೆದುಕೊಂಡು ಹತ್ತಿಸುವುದು, ಇಳಿಸುವುದು ಅವಳ ಕಸುಬು.

ವಾರಿಜಾ ಕಲಿತದ್ದು ಕಡಲೊಳಗಿನ ಸದ್ದಿನ ವಿದ್ಯೆ. ಮೀನಿನ ಹಿಂಡಿನ ಸದ್ದು ಕೇಳಲು ಬಂದವಳು ಹಿಮದ ಸದ್ದಿಗೆ ತಿರುಗಿಕೊಂಡಳು. ಹಿಮ ಒಂದೇ ಸಲ ಕುಸಿಯುವುದಿಲ್ಲ. ಪದರಗಳ ನಡುವೆ ಎಲ್ಲೋ ಒಂದು ಬಡಕಲು ಪದರ ಇರುತ್ತದೆ. ಮೇಲಿನ ಭಾರ ತಾಳದೆ ಅದು ಮೊದಲು ಚೂರುಚೂರಾಗಿ ಬಿರಿಯುತ್ತದೆ. ಆ ಬಿರುಕಿನ ಸದ್ದು ಮನುಷ್ಯರಿಗೆ ಕೇಳುವಂಥದ್ದಲ್ಲ. ವಾರಿಜಾ ಇಳಿಜಾರುಗಳ ಮೇಲೆ ಹಿಮ ಬೀಳುವ ಮೊದಲೇ ಗಾಜಿನ ಎಳೆಯ ತಂತಿ ಹಾಸಿಸಿದಳು. ಒಳಗೆ ಹರಿಯುವ ಬೆಳಕು ಸಣ್ಣ ನಡುಕಕ್ಕೂ ಅಲುಗುತ್ತಿತ್ತು. ಆ ಅಲುಗಾಟವನ್ನೆಲ್ಲ ಕೂಡಿಸಿ ಲೆಕ್ಕ ಹಾಕುವ ಯಂತ್ರಕ್ಕೆ ಊರಿನವರೇ ‘ಕಿವಿ’ ಎಂದು ಹೆಸರಿಟ್ಟರು. ಬೆಟ್ಟ ಹತ್ತುವ ಪ್ರತಿಯೊಬ್ಬರ ಕಿವಿಯಲ್ಲೂ ಅದರ ಮಾತು ಕೇಳಿಸುವ ಒಂದು ಗುಂಡಿ. ತುದಿಗೆ ಹೋಗಿ ನಿಂತರೆ ಒಂದು ಮೃದುವಾದ ದನಿ, ‘ಇಳಿಯಬಹುದು’ ಅಥವಾ ‘ಇಳಿಯಬೇಡಿ’ ಎನ್ನುತ್ತಿತ್ತು. ಊರಿನ ಹಿಮ ಕೇಂದ್ರದ ಪರದೆಯ ಮೇಲೆ ಮೊದಲನೆಯದಕ್ಕೆ ಹಸಿರು, ಎರಡನೆಯದಕ್ಕೆ ಕೆಂಪು. ಸದ್ದು ಜಾಸ್ತಿಯಾದರೆ ಅಪಾಯ, ಸದ್ದಿಲ್ಲದಿದ್ದರೆ ಕ್ಷೇಮ. ಇಷ್ಟೇ ಅದರ ತತ್ತ್ವ. ಎಂಟು ಚಳಿಗಾಲ ಒಬ್ಬರೂ ಸಾಯಲಿಲ್ಲ.

ಕಿವಿ ಬರುವ ಮೊದಲು ಊರಿನಲ್ಲೊಂದು ಪದ್ಧತಿಯಿತ್ತು. ಇಳಿಯುವ ಮುಂಚೆ ಗುಂಪಿನವರು ಸುತ್ತು ನಿಲ್ಲುತ್ತಿದ್ದರು. ಬೆಟ್ಟಕ್ಕೆ ಯಾರು ಅತಿ ಹೊಸಬರೋ ಅವರಿಂದ ಶುರು. ಒಬ್ಬೊಬ್ಬರೂ ಹೂಂ ಅಥವಾ ಊಹೂಂ ಎನ್ನಬೇಕು. ಅನುಭವಸ್ಥರು ಮೊದಲು ಬಾಯಿ ಬಿಟ್ಟರೆ ಹೊಸಬರು ನಾಚಿಕೆಗೆ ತಲೆಯಾಡಿಸುತ್ತಾರೆಂದು ಹೀಗೆ. ಒಂದೇ ಒಂದು ಊಹೂಂ ಬಂದರೆ ಎಲ್ಲರೂ ಬಂದ ದಾರಿಯಲ್ಲೇ ವಾಪಸ್. ಕಾರಣ ಕೇಳುವ ಹಾಗಿಲ್ಲ. ಆಮೇಲೆ ಊರಿಗೆ ಬಂದು ಕುಡಿಯುತ್ತ ಕೂತಾಗಲೂ ಕೇಳುವ ಹಾಗಿಲ್ಲ. ಕೇಳಿದವನು ಎಲ್ಲರಿಗೂ ಮೀನಿನ ಸಾರು ಮಾಡಿ ಬಡಿಸಬೇಕು. ಜನಾರ್ದನ ಇದಕ್ಕೆ ‘ಊಹೂಂ ಪದ್ಧತಿ’ ಎಂದು ಹೆಸರಿಟ್ಟು, ಮನೆಯಲ್ಲಿ ಪಾತ್ರೆ ತೊಳೆಯುವ ಸರದಿ ಬಂದಾಗಲೆಲ್ಲ ಬಳಸಿಕೊಳ್ಳುತ್ತಿದ್ದ. ಬೆಟ್ಟದ ಮೇಲೆ ಮಾತ್ರ ಅದು ಕಿವಿ ಬಂದ ಎರಡೇ ವರ್ಷದಲ್ಲಿ ಸತ್ತುಹೋಯಿತು. ಯಂತ್ರ ಹೇಳಿದ ಮೇಲೆ ಮನುಷ್ಯರದೇನು ಮಾತು?

ಆ ವಸಂತದಲ್ಲಿ ಮಾತ್ರ ಒಂದು ಹೊಸತು ಸೇರಿಕೊಂಡಿತ್ತು. ಮೊದಲೆಲ್ಲ ಏಪ್ರಿಲ್ ಬರುತ್ತಲೇ ಕಿವಿಯನ್ನು ಮುಚ್ಚಿಬಿಡುತ್ತಿದ್ದರು. ಹಿಮ ಕರಗುವ ಕಾಲದಲ್ಲಿ ಬೆಟ್ಟದ ಕಡೆ ಯಾರೂ ಸುಳಿಯುತ್ತಿರಲಿಲ್ಲ. ಈಗ ವಸಂತದ ಹಿಮದಲ್ಲಿ ಜಾರುವ ಹುಚ್ಚು ಹಬ್ಬಿತ್ತು. ರಾತ್ರಿಯ ಚಳಿಗೆ ಹೆಪ್ಪುಗಟ್ಟಿದ ಹಿಮ ಬೆಳಗಿನ ಬಿಸಿಲಿಗೆ ಮೇಲಷ್ಟೇ ಬೆರಳುದ್ದ ಸಡಿಲವಾಗಿ, ಹಲಗೆಯಡಿ ಬೆಣ್ಣೆಯಾಗುತ್ತದೆ. ಆ ಸುಖಕ್ಕೆ ಜನ ದೇಶದೇಶಗಳಿಂದ ಬಂದರು. ಕಿವಿ ತೆರೆದೇ ಉಳಿಯಿತು. ಕಿವಿ ಎಂದೂ ಕೇಳಿರದ ಕಾಲವೊಂದು ಶುರುವಾಯಿತು ಎಂಬುದು ಯಾರ ತಲೆಗೂ ಹೊಳೆಯಲಿಲ್ಲ, ಅದನ್ನು ಕಟ್ಟಿದವಳ ತಲೆಗೂ.

ಹೊಳೆದದ್ದು ಲಿಲ್ಲೆಟಿನ್ ಎಂಬ ಚಿಕ್ಕ ಬೆಟ್ಟ ಕುಸಿದ ಮೇಲೆ. ಮಟಮಟ ಮಧ್ಯಾಹ್ನ, ಇಳಿಜಾರಿನಲ್ಲಿ ಒಂದು ನರಪಿಳ್ಳೆಯೂ ಇಲ್ಲದ ಹೊತ್ತಿನಲ್ಲಿ, ಒದ್ದೆ ಹಿಮ ತಂತಿಯನ್ನೂ ಎಳೆದುಕೊಂಡು ಕಡಲ ದಂಡೆಯ ತನಕ ಬಂದು ಬಿತ್ತು. ಕಿವಿ ಕೊನೆಯ ಗಳಿಗೆಯವರೆಗೂ ಹಸಿರು ತೋರಿಸುತ್ತಿತ್ತು.

ಕಂಟ್ರೋಲ್ ರೂಮಿನಲ್ಲಿ ವಾರಿಜಾ ಆ ಹೊತ್ತಿನ ಧ್ವನಿರೇಖೆಯನ್ನು ಪರದೆಯ ಮೇಲೆ ಹರಡಿಕೊಂಡು ಕೂತಳು. ರೇಖೆ ಬರಬರುತ್ತ ತಣ್ಣಗಾಗಿತ್ತು. ಒಂದು ಏರಿಲ್ಲ, ಒಂದು ಇಳಿತವಿಲ್ಲ.

“ತಂತಿ ಮೊದಲೇ ತುಂಡಾಗಿತ್ತು,” ಎಂದ ಹಾಲ್ವರ್. ಕೇಂದ್ರದ ಮುಖ್ಯಸ್ಥ ಅವನು, ಮಾತು ಕಡಿಮೆ, ಕಾಫಿ ಜಾಸ್ತಿ.

“ತುಂಡಾಗಿದ್ದರೆ ರೇಖೆಯೇ ಇರುತ್ತಿರಲಿಲ್ಲ. ಕಿವಿ ಕೇಳುತ್ತಲೇ ಇತ್ತು ಹಾಲ್ವರ್. ಕೇಳಲಿಕ್ಕೆ ಅಲ್ಲಿ ಏನೂ ಇರಲಿಲ್ಲ.”

“ಅಂದರೆ?”

“ಒಣ ಹಿಮ ಬಿರಿಯುತ್ತದೆ, ಸದ್ದು ಮಾಡುತ್ತದೆ. ನೀರು ಕುಡಿದ ಹಿಮ ಬಿರಿಯುವುದಿಲ್ಲ. ಹರಳಿನ ಮೇಲೆ ಹರಳು ಸುಮ್ಮನೆ ಜಾರುತ್ತದೆ. ಅಲ್ಪಸ್ವಲ್ಪ ಸದ್ದಾದರೂ ನೀರು ಅದನ್ನು ನುಂಗಿಬಿಡುತ್ತದೆ. ನಾವು ಸದ್ದಿಲ್ಲ ಎಂದರೆ ಕ್ಷೇಮ ಎಂದು ಬರೆದು ಕೂತಿದ್ದೇವೆ.”

“ಇದಕ್ಕೆ ಪುರಾವೆ?”

ಪುರಾವೆ ಇರಲಿಲ್ಲ. ಒಂದು ಕುಸಿತ, ಒಂದು ರೇಖೆ. ವಾರಿಜಾ ಆ ವಾರ ತನ್ನ ಕೈಯಾರೆ ಎರಡು ಸಲ ಎಲ್ಲ ಇಳಿಜಾರುಗಳನ್ನೂ ಕೆಂಪು ಮಾಡಿದಳು. ಎರಡು ಸಲವೂ ಬೆಟ್ಟ ಅಲುಗಲಿಲ್ಲ. ತುದಿಯ ತನಕ ಹತ್ತಿದ್ದ ಜನ ಬೈದುಕೊಂಡು ಬಂದ ದಾರಿಯಲ್ಲೇ ಇಳಿದರು. ಗೈಡುಗಳು ಕೇಂದ್ರದ ಬಾಗಿಲಿಗೆ ಬಂದು ನಿಂತರು. ಹಾಲ್ವರ್ ಕೆಂಪು ಮಾಡುವ ಅಧಿಕಾರವನ್ನು ಸೋಮವಾರದ ಸಭೆಯ ತನಕ ಅವಳಿಂದ ತೆಗೆದಿಟ್ಟ. ಸಿಟ್ಟಿನಿಂದಲ್ಲ. ಅವನ ತಮ್ಮ, ಕಿವಿ ಬರುವ ಮೊದಲು, ಇದೇ ಬೆಟ್ಟಗಳಲ್ಲಿ ಹಿಮದಡಿ ಹೋದವನು.

“ಆ ದಿನ ಸುತ್ತು ನಿಂತ ಅಷ್ಟೂ ಜನ ಹೂಂ ಅಂದಿದ್ದರು, ವಾರಿಜಾ. ನನ್ನ ತಮ್ಮನೂ ಅಂದಿದ್ದ,” ಎಂದ. “ಮನುಷ್ಯರ ಅನ್ನಿಸಿಕೆಯ ಮೇಲೆ ನಾನು ಮತ್ತೆ ಒಬ್ಬರನ್ನೂ ಬೆಟ್ಟಕ್ಕೆ ಬಿಡುವುದಿಲ್ಲ. ನಿನ್ನ ಅನ್ನಿಸಿಕೆಯ ಮೇಲೂ ಇಲ್ಲ.”

ಆ ಮಾತಾದ ದಿನದಿಂದ ವಾರಿಜಾಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಅನ್ನಕ್ಕೆ ನೀರಿಡಲು ಹೋಗಿ ಕಿಟಕಿಯಲ್ಲಿ ಬೆಟ್ಟ ನೋಡುತ್ತ ನಿಲ್ಲುವಳು. ಜನಾರ್ದನ ಒಣಮೀನಿನ ಗೋದಾಮಿನ ಕೆಲಸ ಮುಗಿಸಿ ಬರುವ ಹೊತ್ತಿಗೆ ಪಾತ್ರೆ ತಳ ಹಿಡಿದಿರುತ್ತಿತ್ತು.

ಶನಿವಾರ ಸಂಜೆಯ ಊಟಕ್ಕೆ ಇಂಚರ ಮುಖ ಗಂಟು ಹಾಕಿಕೊಂಡೇ ಕೂತಳು. ಎರಡು ಸಲವೂ ತುದಿಯಿಂದ ವಾಪಸ್ ಬಂದವರಲ್ಲಿ ಅವಳ ಗುಂಪೂ ಇತ್ತು.

“ಊರ್ ತುಂಬ ನನ್ನ ‘ಕೆಂಪಿ’ ಅಂತ್ರ್ ಅಮ್ಮ. ಕೆಂಪು ಮಾಡೋಳ ಮಗಳು ಅಂತ.”

“ಅಂದ್ರೆ ಅನ್ಲಿ, ಮಗಾ.”

“ನಾಳೆ ಸ್ಟೋರ್‌ಟಿನ್ ಹತ್ತುಕಿತ್ತ್. ಐದ್ ಜನ. ನೀ ಒಂದ್ ಮಾತ್ ಕೊಡ್. ಕಾರಣ ಇಲ್ದೆ ನನ್ನ ತಡೂದಿಲ್ಲ ಅಂತ.”

ಸ್ಟೋರ್‌ಟಿನ್ ಎಂದರೆ ದೊಡ್ಡ ಬೆಟ್ಟ, ಊರಿನ ನೆತ್ತಿಯ ಮೇಲೆಯೇ ನಿಂತದ್ದು. ವಾರಿಜಾ ತಟ್ಟೆ ನೋಡಿದಳು. ಜನಾರ್ದನ ಮೀನಿನ ಮುಳ್ಳು ಬಿಡಿಸುತ್ತ, “ಕೊಟ್ಬಿಡ್ ಮಾರಾಯ್ತಿ. ಕೊಡ್ದೆ ಇದ್ರೆ ಈ ಮನೆಯೊಳಗೆ ಉಂಬುಕ್ ಆತಿಲ್ಲೆ,” ಎಂದ.

“ಆಯ್ತ್,” ಎಂದಳು ವಾರಿಜಾ. “ಕಾರಣ ಇಲ್ದೆ ತಡೂದಿಲ್ಲ.” ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಮಗಳ ಮುಖ ಮಾತ್ರ ಆ ವಾರದಲ್ಲಿ ಮೊದಲ ಸಲ ಅರಳಿತು.

ಬೆಳಿಗ್ಗೆ ಅವಳು ಎದ್ದಾಗ ಇಂಚರ ಹೊರಟು ಎಷ್ಟೋ ಹೊತ್ತಾಗಿತ್ತು. ಜನಾರ್ದನ ಚಹಾ ಲೋಟ ಕೊಡುತ್ತ ಆಕಳಿಸಿದ.

“ನಿದ್ರಿಯೇ ಬರ್ಲಿಲ್ಲ ಮಾರಾಯ್ತಿ. ರಾತ್ರಿ ಇಡೀ ಮಾಡಿನ ನೀರು ಬಕೆಟಿಗೆ ಟಪ್ ಟಪ್ ಅಂತ ಬೀಳ್ತಾ ಇತ್ತ್. ನಮ್ಮೂರ್ ಮಳೆಗಾಲ ನೆನಪಾಯ್ತ್.”

ವಾರಿಜಾ ಲೋಟ ಕೆಳಗಿಟ್ಟಳು. “ಒಂದ್ ಸಲವೂ ನಿಲ್ಲಿಲ್ವಾ?”

“ನಿತ್ತಿದ್ರೆ ನಾ ಮಲ್ಕಂತಿದ್ದೆ ಅಲ್ದಾ?”

ರಾತ್ರಿ ಕಡಲಿನಿಂದ ಮೋಡ ಬಂದು ಊರನ್ನು ಕಂಬಳಿಯ ಹಾಗೆ ಮುಚ್ಚಿತ್ತು. ಕಂಬಳಿಯಡಿ ಚಳಿ ಇಳಿಯಲೇ ಇಲ್ಲ. ಚಳಿ ಇಳಿಯದಿದ್ದರೆ ಹಿಮ ಹೆಪ್ಪುಗಟ್ಟುವುದಿಲ್ಲ. ಹಿಂದಿನ ದಿನ ಕುಡಿದ ನೀರೆಲ್ಲ ಹೊಟ್ಟೆಯಲ್ಲೇ ಇರುವಾಗ ಈ ದಿನದ ಬಿಸಿಲು ಅದಕ್ಕೆ ಮತ್ತಷ್ಟು ಕುಡಿಸುತ್ತದೆ. ಅವಳು ಚಪ್ಪಲಿ ಬದಲಿಸದೆ ಕೇಂದ್ರಕ್ಕೆ ಓಡಿದಳು. ಅರ್ಧ ದಾರಿಯಲ್ಲಿ ಮೋಡ ಹರಿದು, ಸ್ಟೋರ್‌ಟಿನ್ ತುದಿಯಲ್ಲಿ ಬಿಸಿಲು ಚೆಲ್ಲಿತು. ಬೇರೆ ಯಾರಾದರೂ ಆಗಿದ್ದರೆ ಎಷ್ಟು ಚೆಂದ ಎನ್ನುತ್ತಿದ್ದರು.

ಪರದೆಯ ಮೇಲೆ ಬೆಟ್ಟದ ಚಿತ್ರ, ತುದಿಯ ಹತ್ತಿರ ಆರು ಚುಕ್ಕಿಗಳು. ಮಗಳೂ ಐದು ಜನರೂ. ಇಳಿಜಾರಿನ ಬಣ್ಣ ಹಸಿರು. ರೇಖೆ ನೋಡಿದಳು. ತಣ್ಣಗಿತ್ತು, ಲಿಲ್ಲೆಟಿನ್‌ನ ರೇಖೆಯಷ್ಟೇ ತಣ್ಣಗೆ.

“ಹಾಲ್ವರ್, ರಾತ್ರಿ ಹೆಪ್ಪುಗಟ್ಟಿಲ್ಲ. ಕೆಂಪು ಮಾಡು.”

ಹಾಲ್ವರ್ ರೇಖೆಯನ್ನು ತುಂಬ ಹೊತ್ತು ನೋಡಿದ. “ನನಗೆ ತೋರಿಸು. ಇದರಲ್ಲಿ ಎಲ್ಲಿದೆ ತೋರಿಸು, ಈಗಲೇ ಮಾಡುತ್ತೇನೆ.”

ಇಲ್ಲದ್ದನ್ನು ತೋರಿಸುವುದು ಹೇಗೆ? ಅವಳು ಅವನನ್ನು ದಾಟಿ ಹೋಗಿ ರೇಡಿಯೋ ಎತ್ತಿಕೊಂಡಳು. ಅವನು ತಡೆಯಲಿಲ್ಲ.

“ಇಂಚರ.”

“ಹೇಳ್ ಅಮ್ಮ.” ಗಾಳಿಯ ಸದ್ದು, ಹಿಂದೆ ಯಾರದೋ ನಗು. “ಪಟ್ಟಿ ಕಿತ್ತಾಯ್ತ್. ಇಳೂಕೆ ನಿಂತಿದ್ದೇವೆ.”

“ಹಿಮ ಹ್ಯಾಂಗಿತ್ತ್?”

ಒಂದು ಕ್ಷಣ ಬಿಟ್ಟು ಉತ್ತರ ಬಂತು. “ಚೂರು ಮೆತ್ತಗೆ. ಕಿವಿ ಹಸಿರು ಅಂತಿತ್ತ್.”

ಕಾರಣ ಹೇಳಲು ಹೊರಟರೆ ಮಗಳು ವಾದಕ್ಕೆ ನಿಲ್ಲುತ್ತಾಳೆ, ವಾದದಲ್ಲಿ ಗೆಲ್ಲುವುದು ರೇಖೆಯೇ. ಬೇಡಿಕೊಂಡರೆ ಅಮ್ಮನ ಹೆದರಿಕೆ ಎಂದುಕೊಳ್ಳುತ್ತಾಳೆ. ಮೇಲೆ ಕೊಟ್ಟ ಮಾತು ಬೇರೆ ಇತ್ತು.

“ಇಳೂಕೆ ಮೊದ್ಲು ಸುತ್ತು ನಿಲ್ಲಿ,” ಎಂದಳು ವಾರಿಜಾ.

“ಎಂತ ಸುತ್ತು?”

“ಹಳೇ ಸುತ್ತು. ಹೂಂ, ಊಹೂಂ. ಹೊಸಬರಿಂದ ಶುರು.”

“ಅಮ್ಮ, ಈಗ ಯಾರ್ ಮಾಡ್ತ್ರ್ ಅದೆಲ್ಲ? ಇವ್ರೆಲ್ಲ ಹತ್ತಾರು ವರ್ಷ ಸ್ಕೀ ಮಾಡ್ದವ್ರ್. ಹೊಸಬರು ಅಂತ ಯಾರೂ ಇಲ್ಲ.”

“ನಾ ಇದ್ದೆ. ಜನ್ಮದಲ್ಲಿ ಒಂದ್ ಸಲ ಸ್ಕೀ ಕಟ್ಕಂಡ್ ಬಿದ್ದವಳು. ನಿಮ್ಮೆಲ್ಲರಿಗಿಂತ ಹೊಸಬಳು ನಾನೇ. ನನ್ನಿಂದ ಶುರು.” ಅವಳು ಉಸಿರೆಳೆದುಕೊಂಡಳು. “ಊಹೂಂ.”

“ನೀ ಇಲ್ಲಿ ಇಲ್ಲ ಅಮ್ಮ. ಕೆಳಗೆ ರೂಮಲ್ಲಿ ಕೂತ್ಕಂಡ್ ಮಾತಾಡ್ತಿದ್ದೆ.”

“ಕಿವಿ ಮತ್ತೆ ಎಲ್ಲಿತ್ತ್? ಅದೂ ಇದೇ ರೂಮಲ್ಲೇ ಕೂತ್ಕಂಡ್ ನಿಂಗೆ ಹಸಿರು ಅಂತಿತ್ತ್.”

ಇಂಚರಳ ದನಿ ಗಡುಸಾಗಿ ಬಂತು. “ನಿನ್ನೆ ಮಾತ್ ಕೊಟ್ಟಿದ್ದೆ ನೀನು. ಕಾರಣ ಎಂತ ಹೇಳ್.”

“ಕಾರಣ ಕೇಂಬುಕಿಲ್ಲೆ,” ಎಂದಳು ವಾರಿಜಾ. “ಅದೇ ಪದ್ಧತಿ.”

ರೇಡಿಯೋ ಕಟ್ಟಾಯಿತು. ವಾರಿಜಾ ಅದನ್ನು ಕೈಯಲ್ಲೇ ಹಿಡಿದು ಪರದೆ ನೋಡುತ್ತ ನಿಂತಳು. ಆರು ಚುಕ್ಕಿಗಳು ಒಂದೇ ಕಡೆ ಗುಂಪುಗೂಡಿದ್ದವು. ಒಂದು ಚುಕ್ಕಿ ಇಳಿಜಾರಿನ ಅಂಚಿಗೆ ಬಂತು, ನಿಂತಿತು, ಮತ್ತೆ ಗುಂಪಿನ ಹತ್ತಿರ ಹೋಯಿತು. ಅದು ಇಂಚರ ಎಂದು ಅವಳಿಗೆ ಗೊತ್ತು. ಹಾಲ್ವರ್ ಬಂದು ಪಕ್ಕದಲ್ಲಿ ನಿಂತ. ಎಷ್ಟೋ ಹೊತ್ತಿನ ಮೇಲೆ ಚುಕ್ಕಿಗಳು ಸಾಲಾಗಿ, ಬೇಸರದ ನಡಿಗೆಯಲ್ಲಿ, ಹತ್ತಿ ಬಂದಿದ್ದ ಬಂಡೆಯ ಏಣಿನ ಮೇಲೇ, ಹಿಮ ಕುಸಿಯದ ಬೆಟ್ಟದ ಬೆನ್ನಿನ ಮೇಲೇ, ಹಿಂದಕ್ಕೆ ಹೊರಟವು.

ವಾರಿಜಾ ಕುರ್ಚಿಯಲ್ಲಿ ಕುಸಿದು ಕೂತಳು.

ಆಮೇಲೆ ಶುರುವಾದದ್ದು ಬೇರೆ ಬಗೆಯ ಸಂಕಟ. ಚುಕ್ಕಿಗಳು ಕ್ಷೇಮವಾಗಿ ಏಣು ದಾಟಿದ ಮೇಲೆ ಅವಳು ಕಿಟಕಿಗೆ ಅಂಟಿಕೊಂಡಳು. ಖಾಲಿ ಇಳಿಜಾರು ಬಿಸಿಲಿಗೆ ಹೊಳೆಯುತ್ತಿತ್ತು. ಬೀಳು ಎಂದು ಅವಳ ಮನಸ್ಸು ಬೆಟ್ಟವನ್ನು ಬೇಡಿಕೊಂಡಿತು. ಒಂದೇ ಒಂದು ಸಲ, ಯಾರಿಗೂ ಏನೂ ಆಗದ ಹಾಗೆ, ಎಲ್ಲರಿಗೂ ಕಾಣುವ ಹಾಗೆ ಬಿದ್ದುಬಿಡು. ಹಾಗೆ ಬೇಡಿಕೊಂಡದ್ದಕ್ಕೆ ಮರುಕ್ಷಣವೇ ನಾಚಿಕೆಯಾಯಿತು. ಆದರೂ ಕಿಟಕಿ ಬಿಟ್ಟು ಬರಲಾಗಲಿಲ್ಲ. ಮಧ್ಯಾಹ್ನವಾಯಿತು, ಬಿಸಿಲು ಇಳಿಯಿತು, ಸಂಜೆ ಆಕಾಶ ತಿಳಿಯಾಗಿ ಚಳಿ ಬಂತು, ಇಳಿಜಾರು ಗಟ್ಟಿಯಾಯಿತು. ಒಂದು ಮುಷ್ಟಿ ಹಿಮವೂ ಕದಲಲಿಲ್ಲ. ಬೆಟ್ಟಕ್ಕೆ ಅವಳ ಮರ್ಯಾದೆಯ ಚಿಂತೆ ಇರಲಿಲ್ಲ.

“ಬೀಳಲಿಲ್ಲ,” ಎಂದ ಹಾಲ್ವರ್, ಕೋಟು ಹಾಕಿಕೊಳ್ಳುತ್ತ. ಚುಚ್ಚುವ ದನಿಯಲ್ಲಿರಲಿಲ್ಲ ಅದು.

“ಇಲ್ಲ.”

ಮನೆಯಲ್ಲಿ ಇಂಚರ ಒದ್ದೆ ಬೂಟು ಕೂಡ ಬಿಚ್ಚದೆ ಅಡುಗೆಮನೆಯ ಬೆಂಚಿನ ಮೇಲೆ ಕೂತಿದ್ದಳು. ಜನಾರ್ದನ ಯಾವ ಕಡೆಗೂ ನೋಡದೆ ಸಾರು ಕುದಿಸುತ್ತಿದ್ದ. ವಾರಿಜಾ ಒಳಗೆ ಬಂದು ಬಾಗಿಲ ಹತ್ತಿರವೇ ನಿಂತಳು. ಬೈಸಿಕೊಳ್ಳಲು ಸಿದ್ಧಳಾಗಿಯೇ ಬಂದಿದ್ದಳು.

“ಎಲ್ಲಾ ಬೈದ್ರ್,” ಎಂದಳು ಇಂಚರ. “ಒಬ್ಬ ಅಂತೂ ನನ್ನ ಮುಖ ಸಹ ಕಾಣ್ಲಿಲ್ಲ.”

“ಬೆಟ್ಟ ಬೀಳ್ಲಿಲ್ಲ ಮಗಾ. ನಾ ಹೇಳಿದ್ದ್ ತಪ್ಪಾಯ್ತ್ ಕಾಣತ್ತ್.”

ಇಂಚರ ತಲೆಯಲ್ಲಾಡಿಸಿದಳು. ಕಿವಿಯ ಗುಂಡಿಯನ್ನು ತೆಗೆದು ಮೇಜಿನ ಮೇಲಿಟ್ಟಳು. “ಅಂಚಲ್ಲಿ ಸ್ಕೀ ಬಿಚ್ಚಿ ಒಂದ್ ಹೆಜ್ಜೆ ಇಟ್ಟೆ ಅಮ್ಮ. ತೊಡೆ ತನಕ ಹೂತ್‌ಹೋಯ್ತ್. ಗಂಜಿ ಇದ್ದಾಂಗಿತ್ತ್. ಹತ್ತುವಾಗ್ಲೇ ನಂಗೆ ಬೇಡ ಅಂತ ಅನ್ಸಿತ್ತ್. ಕಿವಿ ಹಸಿರು ಅಂದ್ಮೇಲೆ, ಅಷ್ಟ್ ಜನರ ಎದ್ರಿಗೆ, ನಂಗೆ ಬಾಯಿ ಬರ್ಲಿಲ್ಲ.” ಅವಳು ಗುಂಡಿಯನ್ನು ಮೇಜಿನ ಆಚೆ ತುದಿಗೆ ತಳ್ಳಿದಳು. “ನೀ ಹೇಳ್ದೆ ಇದ್ರೆ ಇಳೀತಿದ್ದೆ.”

ವಾರಿಜಾ ಮಗಳ ಪಕ್ಕ ಕೂತು, ಬಗ್ಗಿ, ಅವಳ ಬೂಟಿನ ದಾರ ಬಿಚ್ಚತೊಡಗಿದಳು. ಊರಿಗೆ ಕಿವಿ ಕೊಡುವ ಭರದಲ್ಲಿ ತಾನು ಅದರ ಬಾಯಿ ಕಿತ್ತುಕೊಂಡಿದ್ದೆ, ಮಗಳ ಬಾಯಿಯನ್ನೂ ಕಿತ್ತುಕೊಂಡಿದ್ದೆ ಎಂದು ಅವಳಿಗೆ ಅಳು ಬಂತು. ಅತ್ತಳು. ಜನಾರ್ದನ ಇಬ್ಬರಿಗೂ ಸಾರು ಬಡಿಸಿ, “ಕಾರಣ ಕೇಳಿದ್ದ್ ಯಾರ್? ಇವತ್ತು ಸಾರು ಅವಳ್ ಮಾಡ್ಕಿತ್ತ್,” ಎಂದ. ಇಂಚರ ಮೂಗೊರೆಸಿಕೊಂಡು ನಕ್ಕಳು.

ಸೋಮವಾರದ ಸಭೆಯಲ್ಲಿ ವಾರಿಜಾ ಕೇಳಿದ್ದು ಒಂದೇ. ವಸಂತದಲ್ಲಿ ಕಿವಿ ‘ಇಳಿಯಬಹುದು’ ಎನ್ನಬಾರದು. ಸದ್ದಿಲ್ಲದಿದ್ದರೆ ‘ನನಗೇನೂ ಕೇಳಿಸುತ್ತಿಲ್ಲ’ ಎನ್ನಬೇಕು, ಅಷ್ಟೇ. ಮಿಕ್ಕದ್ದನ್ನು ತುದಿಯಲ್ಲಿರುವವರು ಸುತ್ತು ನಿಂತು ಹೇಳಲಿ. ಗೈಡುಗಳು ಗೊಣಗಿದರು. ಹಾಲ್ವರ್ ಕಾಫಿ ಲೋಟ ಪಕ್ಕಕ್ಕಿಟ್ಟ.

“ನನ್ನ ತಮ್ಮನ ಗುಂಪಿನಲ್ಲಿ ಮೊದಲು ಮಾತಾಡಿದ್ದು ನಾನು,” ಎಂದ ಕೊನೆಗೆ. “ನಾನೇ ಎಲ್ಲರಿಗಿಂತ ಹಳಬ. ಚಳಿಯಲ್ಲಿ ತಡ ಬೇಡ ಎಂದು ಮೊದಲೇ ಹೂಂ ಅಂದುಬಿಟ್ಟೆ. ಆಮೇಲೆ ಉಳಿದವರು ಅಂದರು.” ಅವನು ಯಾರ ಮುಖವನ್ನೂ ನೋಡಲಿಲ್ಲ. ಕಿವಿಯ ಮಾತು ಆ ದಿನವೇ ಬದಲಾಯಿತು.

ಆ ವಾರದ ಕೊನೆಗೆ ರಾತ್ರಿಗಳು ತಿಳಿಯಾದವು. ಒಂದು ಬೆಳಿಗ್ಗೆ ಮಾಡಿನ ನೀರು ನಿಂತು, ಬಕೆಟಿನಲ್ಲಿ ನೀರ್ಗಲ್ಲು ಕಟ್ಟಿತ್ತು. ವಾರಿಜಾ ಕೇಂದ್ರದ ಹಿಂದೆ ಹೋಗಿ ಹಿಮದ ಮೇಲೆ ಹಿಮ್ಮಡಿಯಿಂದ ಗುದ್ದಿದಳು. ಹೂತುಹೋಗಲಿಲ್ಲ. ಇನ್ನೊಂದು ಕಡೆ ಗುದ್ದಿದಳು. ಅಲ್ಲೂ ಇಲ್ಲ. ಕಾಲು ನೋಯುವ ತನಕ ಗುದ್ದಿ ಒಳಗೆ ಬಂದಳು.

ಬಿಸಿಲು ಸ್ಟೋರ್‌ಟಿನ್ ತುದಿ ಮುಟ್ಟಿದಾಗ ರೇಡಿಯೋ ಕರೆಯಿತು.

“ಅಮ್ಮ, ಸುತ್ತು ನಿಂತಿದ್ದೇವೆ,” ಎಂದಳು ಇಂಚರ. “ನಿನ್ನಿಂದ ಶುರು.”

ವಾರಿಜಾ ರೇಖೆ ನೋಡಿದಳು. ತಣ್ಣಗಿತ್ತು. ಅದರಿಂದ ಏನೂ ತಿಳಿಯುವ ಹಾಗಿರಲಿಲ್ಲ. ಚಳಿ ಚೆನ್ನಾಗಿ ಬಿದ್ದಿತ್ತು, ಹಿಮ ಗಟ್ಟಿಯಾಗಿತ್ತು, ಹೊತ್ತು ಸರಿಯಾಗಿತ್ತು. ಎಲ್ಲವೂ ಒಂದೇ ಮಾತು ಹೇಳುತ್ತಿದ್ದವು. ಆದರೂ ಬಾಯಿ ಏಳಲಿಲ್ಲ. ಆ ದಿನ ಊಹೂಂ ಎನ್ನಲು ಇಷ್ಟು ಹೊತ್ತು ಬೇಕಾಗಿರಲಿಲ್ಲ. ಕಿವಿ ಎಂಟು ಚಳಿಗಾಲ ಬಂದವರಿಗೆಲ್ಲ ಸಲೀಸಾಗಿ ಹೇಳಿಕೊಂಡು ಬಂದ ಮಾತು ಇಷ್ಟು ಭಾರವೆಂದು ಅದನ್ನು ಹೇಳಲು ಕಲಿಸಿದವಳಿಗೆ ಗೊತ್ತಿರಲಿಲ್ಲ. ಹಾಲ್ವರ್ ಕಾಫಿ ಲೋಟ ಹಿಡಿದು ಗೋಡೆ ನೋಡುತ್ತಿದ್ದ.

“ಅಮ್ಮ? ಇದ್ಯಾ?”

“ಇದ್ದೆ ಮಗಾ,” ಎಂದಳು. “ಹೂಂ.”

ಅತ್ತ ಒಬ್ಬೊಬ್ಬರೇ ಹೂಂ ಎಂದರು. ಕೊನೆಯ ಹೂಂ ಇಂಚರಳದು. ಪರದೆಯ ಮೇಲೆ ಮೊದಲ ಚುಕ್ಕಿ ಅಂಚು ದಾಟಿ ಕೆಳಗೆ ಹೊರಟಿತು. ಹಾಲ್ವರ್ ಒಂದು ಕುರ್ಚಿ ಎಳೆದು ಅವಳ ಹಿಂದೆ ಇಟ್ಟ. ವಾರಿಜಾ ಕೂರಲಿಲ್ಲ.